ಕಾಲಿನ ಸ್ವಾಧೀನ ತಪ್ಪಿದಾಗ ಯಾವ ಪರೀಕ್ಷೆ ಮೊದಲು? ಬೆನ್ನುಹುರಿಯ ಉರಿಯೂತ ಪತ್ತೆಗೆ ದಾವಣಗೆರೆ, ಚಿತ್ರದುರ್ಗದವರಿಗೊಂದು ಹೋಲಿಕೆ

ಎರಡೂ ಕಾಲಿಗೆ ಜೋಮು ಹಿಡಿದು, ನಾಲ್ಕೈದು ದಿನದಲ್ಲಿ ಗೋಡೆ ಹಿಡಿಯದೆ ನಡೆಯಲಾಗದ ಸ್ಥಿತಿ ಬಂದಾಗ ನಮ್ಮ ಕಡೆ ಸಾಮಾನ್ಯವಾಗಿ ಮೊದಲು ಆಗುವುದು ಸೊಂಟದ ಎಂಆರ್‌ಐ. ಎಲ್4-ಎಲ್5 ಡಿಸ್ಕ್ ಸ್ವಲ್ಪ ಉಬ್ಬಿದೆ ಎಂದು ರಿಪೋರ್ಟ್ ಬರುತ್ತದೆ. ನಲವತ್ತು ದಾಟಿದವರಲ್ಲಿ ಹಾಗೆ ಬರುವುದು ತೀರಾ ಸಾಮಾನ್ಯ. ಬೆಲ್ಟು, ನೋವಿನ ಮಾತ್ರೆ, ಎಣ್ಣೆ ನೀವಿಸುವುದು ಎಂದು ಹತ್ತು ದಿನ ಕಳೆದುಹೋಗುತ್ತವೆ. ಅಷ್ಟರಲ್ಲಿ ಮೂತ್ರ ಕಟ್ಟಿಕೊಂಡಿರುತ್ತದೆ. ವಯಸ್ಕರಲ್ಲಿ ಬೆನ್ನುಹುರಿ ಎಲ್1-ಎಲ್2 ಮೂಳೆಯ ಮಟ್ಟಕ್ಕೇ ಮುಗಿದುಬಿಡುತ್ತದೆ. ಅದರ ಕೆಳಗಿರುವುದು ಕುದುರೆ ಬಾಲದಂತೆ ಇಳಿಬಿದ್ದ ನರಗಳ ಕಟ್ಟು ಮಾತ್ರ. ಸೊಂಟದ ಸ್ಕ್ಯಾನ್‌ನಲ್ಲಿ ಹುರಿಯ ತುದಿ ಒಂದಿಷ್ಟು ಕಾಣುತ್ತದೆ, ಉಳಿದದ್ದೆಲ್ಲ ಚೌಕಟ್ಟಿನ ಆಚೆ.

ಬೆನ್ನುಹುರಿಯ ಉರಿಯೂತಕ್ಕೆ ವೈದ್ಯರು ಮೈಲೈಟಿಸ್ ಎನ್ನುತ್ತಾರೆ. ಜ್ವರಕ್ಕೆ ಹತ್ತು ಕಾರಣ ಇರುವಂತೆ ಇದಕ್ಕೂ ಇವೆ: ಮೆದುಳು, ಹುರಿಯ ನರಗಳ ಹೊದಿಕೆ ಕೆಡಿಸುವ, ಎಂಎಸ್ ಎಂದು ಕರೆಯುವ ಮಲ್ಟಿಪಲ್ ಸ್ಕ್ಲೆರೋಸಿಸ್, ಹೆಚ್ಚಾಗಿ ಹುರಿ ಮತ್ತು ಕಣ್ಣಿನ ನರ ಹಿಡಿಯುವ, ಎನ್‌ಎಂಒ ಎಂದು ಕರೆಯುವ ನ್ಯೂರೋಮೈಲೈಟಿಸ್ ಆಪ್ಟಿಕಾ, ಮಾಗ್ ಆಂಟಿಬಾಡಿ ಕಾಯಿಲೆ (ನರದ ಹೊದಿಕೆಯ ಮಾಗ್ ಎಂಬ ಪ್ರೊಟೀನಿನ ಮೇಲೆ ದೇಹದ್ದೇ ಆಂಟಿಬಾಡಿ ತಿರುಗಿಬೀಳುವುದು), ಟಿಬಿ, ಸಾರ್ಕಾಯ್ಡ್ (ಅಂಗಾಂಗಗಳಲ್ಲಿ ಉರಿಯೂತದ ಸಣ್ಣ ಗಂಟು ಕಟ್ಟುವ ಕಾಯಿಲೆ), ಲೂಪಸ್ (ದೇಹದ ರಕ್ಷಣೆಯೇ ದೇಹದ ಮೇಲೆ ತಿರುಗುವ ಕಾಯಿಲೆ), ವೈರಸ್ ಸೋಂಕು. ಯಾವುದೆಂದು ಗೊತ್ತಾಗಲೇಬೇಕು. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಬೀಟಾ, ಫಿಂಗೋಲಿಮಾಡ್, ನಟಾಲಿಜುಮ್ಯಾಬ್ ಔಷಧಗಳು ಎನ್‌ಎಂಒ ಇರುವವರಲ್ಲಿ ಕಾಯಿಲೆಯನ್ನು ಕೆರಳಿಸುತ್ತವೆ. 2004ರಲ್ಲಿ ಎನ್‌ಎಂಒ ಆಂಟಿಬಾಡಿ ಪತ್ತೆಯಾಗುವ ತನಕ ಅದನ್ನು ಎಂಎಸ್‌ನ ಒಂದು ಬಗೆ ಎಂದೇ ಬಹಳ ಮಂದಿ ನಂಬಿದ್ದರು. ಮುಂದೆ ಹೋಲಿಸಿರುವ ಪರೀಕ್ಷೆಗಳು ಒಂದೊಂದೂ ಉಪಯುಕ್ತವೇ. ಆದರೆ ಸರದಿ ತಪ್ಪಿದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ.

ಸ್ಕ್ಯಾನ್‌ಗೂ ಮೊದಲು

ಖರ್ಚಿಲ್ಲದ ಪರೀಕ್ಷೆ ಮೊದಲು ಆಗಲಿ. ಪಾದದಿಂದ ಮೇಲಕ್ಕೆ ಪಿನ್ನಿನ ತುದಿ ತಾಗಿಸುತ್ತಾ ಬಂದರೆ ಒಂದು ಗೆರೆಯ ಕೆಳಗೆ ಸ್ಪರ್ಶ ಮಂದ, ಮೇಲೆ ಸರಿಯಾಗಿದೆ ಎಂಬ ಗಡಿ ಸಿಗಬೇಕು. ಮೊಲೆತೊಟ್ಟಿನ ಮಟ್ಟ ಟಿ4 (ಎದೆಭಾಗದ ನಾಲ್ಕನೇ ನರದ ಮಟ್ಟ), ಹೊಕ್ಕಳು ಟಿ10, ತೊಡೆಸಂದು ಎಲ್1 (ಸೊಂಟದ ಮೊದಲನೆಯದು). ಇಂಥ ಗಡಿ ಇದ್ದರೆ ತೊಂದರೆ ಹುರಿಯಲ್ಲಿದೆ ಎಂದು ಹೆಚ್ಚು ಕಡಿಮೆ ಖಚಿತ. ಗಡಿ ಹೊಕ್ಕಳಲ್ಲಿದೆ ಎಂದಮಾತ್ರಕ್ಕೆ ಗಾಯವೂ (ಹುರಿಯಲ್ಲಿ ಕೆಟ್ಟ ಜಾಗ) ಅಲ್ಲೇ ಇರಬೇಕೆಂದಿಲ್ಲ, ಕುತ್ತಿಗೆಯ ಗಾಯವೂ ಹೊಕ್ಕಳಲ್ಲಿ ಗಡಿ ತೋರಿಸಬಹುದು. ಗಡಿಗಿಂತ ಕೆಳಗೆ ಮಾತ್ರ ಸ್ಕ್ಯಾನ್ ಮಾಡಿಸಿ ಸುಮ್ಮನಾಗಬಾರದು.

ಹತ್ತಿಯ ಮೇಲೆ ಕಾಲಿಟ್ಟಂತೆ ಆಗುತ್ತದೆ, ಹೊಟ್ಟೆಗೆ ಬಿಗಿಯಾಗಿ ಪಟ್ಟಿ ಕಟ್ಟಿದಂತಿದೆ, ಕುತ್ತಿಗೆ ಬಗ್ಗಿಸಿದರೆ ಬೆನ್ನಲ್ಲಿ ಕರೆಂಟ್ ಹೊಡೆದಂತಾಗುತ್ತದೆ: ರೋಗಿ ಹೀಗೆ ಹೇಳಿದರೆ ಅದನ್ನು ಅದೇ ಮಾತಲ್ಲಿ ಬರೆದುಕೊಳ್ಳಿ. ನರವೈದ್ಯರಿಗೆ ಅವು ತುಂಬ ಹೇಳುತ್ತವೆ. ಮೂತ್ರ ಮಾಡಿದ ಮೇಲೂ ಚೀಲದಲ್ಲಿ ಎಷ್ಟು ಉಳಿದಿದೆ ಎಂದು ಅಲ್ಟ್ರಾಸೌಂಡ್‌ನಲ್ಲಿ ನೋಡಿಸಿ. 100 ಮಿಲಿಗಿಂತ ಹೆಚ್ಚಿದ್ದರೆ ಅದನ್ನು ವಯಸ್ಸಿನ ತಲೆಗೆ ಕಟ್ಟಬೇಡಿ.

ಒಂದು ಗೊಂದಲ ಮೇಲಿಂದ ಮೇಲೆ ಆಗುತ್ತದೆ. ಹುರಿಗೆ ಪೆಟ್ಟು ಬಿದ್ದ ಮೊದಲ ದಿನಗಳಲ್ಲಿ ಮಂಡಿಯ ರಿಫ್ಲೆಕ್ಸ್ ಬರದೇ ಇರಬಹುದು, ಕಾಲು ಬಟ್ಟೆಯಂತೆ ಜೋತುಬೀಳಬಹುದು. ಇದನ್ನು ಗಿಲನ್ ಬಾರೆ (ಹುರಿಯಿಂದ ಹೊರಟ ನರಗಳ ಉರಿಯೂತ) ಎಂದು ತಿಳಿದು ಐವಿಐಜಿ (ದಾನಿಗಳ ರಕ್ತದ ಆಂಟಿಬಾಡಿಯಿಂದ ಮಾಡಿದ ಔಷಧ) ಹಾಕಿಬಿಟ್ಟರೆ ದುಬಾರಿ ಔಷಧವೂ ಹೋಯಿತು, ಮುಂದಿನ ಆಂಟಿಬಾಡಿ ಪರೀಕ್ಷೆಯೂ ಕೆಟ್ಟಿತು. ಮೊದಲ ದಿನದಿಂದಲೇ ಮೂತ್ರ ಕಟ್ಟಿದೆ, ಎದೆ ಅಥವಾ ಹೊಟ್ಟೆಯ ಮೇಲೆ ಸ್ಪಷ್ಟ ಗಡಿ ಇದೆ ಎಂದರೆ ಹುರಿಯ ಕಡೆಗೇ ನೋಡಬೇಕು.

ಎಷ್ಟು ಬೇಗ ಏರಿತು ಎಂಬುದೂ ಒಂದು ಪರೀಕ್ಷೆಯೇ. 2002ರಲ್ಲಿ ತಜ್ಞರ ಗುಂಪೊಂದು ಟ್ರಾನ್ಸ್‌ವರ್ಸ್ ಮೈಲೈಟಿಸ್‌ಗೆ ಹಾಕಿದ ಮಾನದಂಡದ ಪ್ರಕಾರ ಶುರುವಾದ 4 ಗಂಟೆಯಿಂದ 21 ದಿನದೊಳಗೆ ಕಾಯಿಲೆ ತನ್ನ ತುದಿ ಮುಟ್ಟುತ್ತದೆ. ನಾಲ್ಕು ಗಂಟೆಯೊಳಗೇ ಕಾಲು ಪೂರ್ತಿ ಬಿದ್ದರೆ ಹುರಿಯ ರಕ್ತನಾಳ ಕಟ್ಟಿರುವ ಅನುಮಾನ. ತಿಂಗಳುಗಟ್ಟಲೆ ಮೆಲ್ಲಗೆ ಏರಿದರೆ ಒತ್ತಡ, ಟಿಬಿ, ಗಡ್ಡೆ, ಬಿ12 ಕೊರತೆ, ಫ್ಲೋರೋಸಿಸ್. ಹಾಗಾಗಿ ತಾರೀಖುಗಳು ಬೇಕು. "ಮೊನ್ನೆಯಿಂದ" ಎನ್ನುವುದಕ್ಕಿಂತ "ಸೋಮವಾರ ಚಪ್ಪಲಿ ಜಾರಿತು, ಬುಧವಾರ ಮೆಟ್ಟಿಲು ಹತ್ತಲಾಗಲಿಲ್ಲ, ಶುಕ್ರವಾರ ಮೂತ್ರ ಕಟ್ಟಿತು" ಎನ್ನುವುದು ಹತ್ತು ಪಟ್ಟು ಉಪಯೋಗ.

ಯಾವ ಎಂಆರ್‌ಐ?

ಚೀಟಿಯಲ್ಲಿ ಬರೆದಿರುವುದನ್ನು ಓದಿಕೊಂಡೇ ಹಣ ಕಟ್ಟಿ. ಸಾಮಾನ್ಯವಾಗಿ ಮೂರು ಆಯ್ಕೆ ಎದುರಾಗುತ್ತವೆ. ಸೊಂಟದ ಸ್ಕ್ಯಾನ್ ಸಾಲದು ಎಂದಾಯಿತು. ಎರಡನೆಯದು "ಹೋಲ್ ಸ್ಪೈನ್ ಸ್ಕ್ರೀನಿಂಗ್". ಉದ್ದಕ್ಕೆ ಸೀಳಿದ ಕೆಲವೇ ಚಿತ್ರಗಳು, ಬೇಗ ಮುಗಿಯುತ್ತದೆ, ಅಗ್ಗ. ಕಲ್ಲಿನಂತೆ ಏನಾದರೂ ಹುರಿಯನ್ನು ಒತ್ತುತ್ತಿದೆಯೇ ಎಂದು ತಿಳಿಯಲು ಅದು ಸಾಕು. ಹುರಿಯೊಳಗಿನ ಉರಿಯೂತ ಯಾವ ಜಾತಿಯದು ಎಂದು ತಿಳಿಯಲು ಸಾಲದು, ಯಾಕೆಂದರೆ ಆ ಸುಳಿವು ಸಿಗುವುದು ಅಡ್ಡ ಸೀಳಿದ ಚಿತ್ರಗಳಲ್ಲಿ. ಮೂರನೆಯದು ಕಾಂಟ್ರಾಸ್ಟ್ ಸಮೇತ ಕುತ್ತಿಗೆ ಮತ್ತು ಎದೆ ಭಾಗದ ಪೂರ್ಣ ಸ್ಕ್ಯಾನ್: ಉದ್ದಕ್ಕೆ ಟಿ1, ಟಿ2, ಸ್ಟಿರ್ (ಇಲ್ಲಿ ಇವು ಮೂಳೆಯ ಮಟ್ಟವಲ್ಲ, ಚಿತ್ರ ತೆಗೆಯುವ ಬಗೆಗಳ ಹೆಸರು), ಗಾಯ ಕಂಡ ಕಡೆ ಅಡ್ಡಕ್ಕೆ ಟಿ2, ಔಷಧ ಕೊಟ್ಟ ಮೇಲೆ ಮತ್ತೆ ಟಿ1, ಉದ್ದಕ್ಕೂ ಅಡ್ಡಕ್ಕೂ. ಎದೆ ಭಾಗದ ಚಿತ್ರ ಕೆಳಗೆ ಎಲ್2ರವರೆಗೆ ಇಳಿಯಬೇಕು, ಇಲ್ಲದಿದ್ದರೆ ಹುರಿಯ ತುದಿ ತಪ್ಪಿಹೋಗುತ್ತದೆ. ಮಾಗ್ ಕಾಯಿಲೆ ಆ ತುದಿಯನ್ನೇ ಹಿಡಿಯುವುದುಂಟು. ದುಡ್ಡು ಒಂದೇ ಸ್ಕ್ಯಾನ್‌ಗೆ ಸಾಕು ಎನ್ನುವ ಪರಿಸ್ಥಿತಿ ಇದ್ದರೆ ಈ ಮೂರನೆಯದನ್ನೇ ಮಾಡಿಸಿ, ಸೊಂಟದ್ದನ್ನು ಬಿಡಿ. ಆಗುವುದಾದರೆ ಅದೇ ಸರದಿಯಲ್ಲಿ ಮೆದುಳು ಮತ್ತು ಕಣ್ಣಿನ ನರದ ಸ್ಕ್ಯಾನನ್ನೂ ಸೇರಿಸಿಕೊಳ್ಳಿ. ಮತ್ತೊಂದು ದಿನ ಹಾಸಿಗೆ ಹಿಡಿದವರನ್ನು ಮತ್ತೆ ಹೊತ್ತು ತರುವುದು ತಪ್ಪುತ್ತದೆ.

1.5 ಟೆಸ್ಲಾ (ಯಂತ್ರದ ಕಾಂತಶಕ್ತಿಯ ಅಳತೆ) ಯಂತ್ರ ಸಾಕೇ, 3 ಟೆಸ್ಲಾಗಾಗಿ ಬೆಂಗಳೂರಿಗೇ ಹೋಗಬೇಕೇ? 1.5 ಸಾಕು. ಅಲುಗಾಡದೆ ಮಲಗಿದ 1.5ರ ಚಿತ್ರ, ನೋವಿಗೆ ಹೊರಳಾಡಿದ 3ರ ಚಿತ್ರಕ್ಕಿಂತ ಎಷ್ಟೋ ಮೇಲು. 0.3, 0.4 ಟೆಸ್ಲಾದ ತೆರೆದ ಯಂತ್ರ ಮಾತ್ರ ಈ ಕೆಲಸಕ್ಕೆ ಬೇಡ.

ಗ್ಯಾಡೋಲಿನಿಯಂ ಕಾಂಟ್ರಾಸ್ಟ್ ಕೊಡುವ ಮುನ್ನ ಕ್ರಿಯಾಟಿನಿನ್ ನೋಡಿರಬೇಕು. ಅದರಿಂದ ಲೆಕ್ಕಹಾಕುವ ಇಜಿಎಫ್‌ಆರ್ (ಮೂತ್ರಪಿಂಡದ ಸೋಸುವ ಸಾಮರ್ಥ್ಯ) 30ಕ್ಕಿಂತ ಕಡಿಮೆ ಇದ್ದರೆ ರೇಡಿಯಾಲಜಿಸ್ಟ್ ಜೊತೆ ಮಾತಾಡಿಯೇ ಮುಂದುವರಿಯುವುದು. ಪ್ರಮಾಣ ಕಿಲೋ ತೂಕಕ್ಕೆ 0.1 ಮಿಲಿಮೋಲ್. ಔಷಧ ಕೊಟ್ಟ ಕೂಡಲೇ ಚಿತ್ರ ತೆಗೆದರೆ ಹೊಳಪು ಕಾಣದೇ ಹೋಗಬಹುದು. ಐದು ನಿಮಿಷವಾದರೂ ಬಿಡಬೇಕು.

ಚಿತ್ರದಲ್ಲಿ ನೋಡುವುದು ಏನನ್ನು? ಎಂಎಸ್‌ನ ಗಾಯ ಗಿಡ್ಡ. ಎರಡು ಮೂಳೆಯ ಉದ್ದ ದಾಟುವುದು ಅಪರೂಪ. ಅಡ್ಡ ಚಿತ್ರದಲ್ಲಿ ಹುರಿಯ ಹಿಂಬದಿಗೋ ಪಕ್ಕಕ್ಕೋ ಅಂಚಿನಲ್ಲಿ ಕೂತಿರುತ್ತದೆ. ಎನ್‌ಎಂಒ ಗಾಯ ಸಾಮಾನ್ಯವಾಗಿ ಮೂರು ಮೂಳೆ ಅಥವಾ ಅದಕ್ಕಿಂತ ಉದ್ದ, ಹುರಿಯ ನಡುಮಧ್ಯೆ, ಊದಿಕೊಂಡು. ಮಾಗ್ ಗಾಯ ನಡುವಿನ ಬೂದು ಭಾಗವನ್ನಷ್ಟೇ ಹಿಡಿದು ಅಡ್ಡ ಚಿತ್ರದಲ್ಲಿ ಇಂಗ್ಲಿಷಿನ ಎಚ್ ಅಕ್ಷರದಂತೆ ಕಾಣಬಹುದು. ಸಾರ್ಕಾಯ್ಡ್ ಇದ್ದರೆ ಹುರಿಯ ಹಿಂಬದಿ ಅಂಚು ಉದ್ದಕ್ಕೂ ಹೊಳೆಯುತ್ತದೆ, ನಡುವಿನ ಕಾಲುವೆಯೂ ಸೇರಿದರೆ ತ್ರಿಶೂಲದಂತೆ. ಬಿ12 ಕೊರತೆಯಲ್ಲಿ ಹಿಂಬದಿಯ ಎರಡು ಕಂಬಗಳು ತಲೆಕೆಳಗಾದ ವಿ ಆಕಾರದಲ್ಲಿ ಬೆಳ್ಳಗಾಗುತ್ತವೆ. ಕುತ್ತಿಗೆ ಮೂಳೆಯ ಸವೆತದಿಂದ ಒತ್ತಡ ಬಿದ್ದಾಗಲೂ ಹುರಿಯೊಳಗೆ ದೋಸೆಯಂಥ ಚಪ್ಪಟೆ ಹೊಳಪು ಬರುತ್ತದೆ. ಅದನ್ನು ಉರಿಯೂತ ಎಂದು ಓದಿ ಸ್ಟೀರಾಯ್ಡ್ ಕೊಟ್ಟದ್ದುಂಟು, ಆದರೆ ಬೇಕಾಗಿರುವುದು ಒತ್ತಡ ತೆಗೆಯುವ ಆಪರೇಷನ್.

ಮೊದಲ ದಿನದ ಎಂಆರ್‌ಐ ನಾರ್ಮಲ್ ಬಂದಿತೆಂದು ಮನೆಗೆ ಕಳಿಸಬಾರದು. ಮಾಗ್ ಕಾಯಿಲೆಯಲ್ಲಿ ವಿಶೇಷವಾಗಿ ಹೀಗಾಗುತ್ತದೆ. ಲಕ್ಷಣ ಮುಂದುವರಿದಿದ್ದರೆ 2ರಿಂದ 7 ದಿನದೊಳಗೆ ಮತ್ತೆ ಮಾಡಿಸಬೇಕು.

ಸ್ಟೀರಾಯ್ಡ್ ಹಾಕುವ ಮುನ್ನ ರಕ್ತ

ಒತ್ತಡವಿಲ್ಲ, ಹುರಿಯೊಳಗೆ ಗಾಯ ಇದೆ ಎಂದು ಸ್ಕ್ಯಾನ್ ಹೇಳಿದ ಕೂಡಲೇ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಶುರುಮಾಡುವುದು ಸರಿ. ಅದಕ್ಕೆ ಐದು ನಿಮಿಷ ಮೊದಲು ರಕ್ತ ತೆಗೆದಿಡಿ. ಇದೊಂದನ್ನು ನಾವು ಒತ್ತಿ ಹೇಳುತ್ತೇವೆ. 5 ಮಿಲಿ ರಕ್ತದ ಸೀರಂ ಬೇರ್ಪಡಿಸಿ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಟ್ಟರೆ ಯಾವ ಲ್ಯಾಬ್ ಎಂದು ಆಮೇಲೆ ನಿಧಾನವಾಗಿ ಯೋಚಿಸಬಹುದು. ಸ್ಟೀರಾಯ್ಡ್ ನಂತರ ಆಂಟಿಬಾಡಿ ಮಟ್ಟ ಇಳಿಯಬಹುದು. ಪ್ಲಾಸ್ಮಾ ಬದಲಾವಣೆ (ರಕ್ತದ ದ್ರವಭಾಗ ತೆಗೆದು ಬೇರೆ ತುಂಬುವುದು) ಆದ ಮೇಲಂತೂ ನೆಗೆಟಿವ್ ಬಂದ ಫಲಿತಾಂಶವನ್ನು ನಂಬುವಂತಿಲ್ಲ.

ಕೇಳಬೇಕಾದ ಎರಡು ಹೆಸರು: ಎನ್‌ಎಂಒ ಪತ್ತೆಗೆ ಅಕ್ವಾಪೊರಿನ್-4 ಆಂಟಿಬಾಡಿ, ಮಾಗ್ ಕಾಯಿಲೆಗೆ ಮಾಗ್ ಆಂಟಿಬಾಡಿ. ಎರಡೂ ರಕ್ತದಲ್ಲೇ ಮಾಡಬೇಕು. ಅಕ್ವಾಪೊರಿನ್ ಪರೀಕ್ಷೆಗೆ ಬೆನ್ನಿನ ನೀರಿಗಿಂತ ರಕ್ತವೇ ಹೆಚ್ಚು ನಂಬಿಕಸ್ಥ. ಇಲ್ಲಿ ನಿಜವಾದ ಆಯ್ಕೆ ವಿಧಾನದ್ದು. ಎಲೈಸಾ ವಿಧಾನ ಸುಲಭ, ಆದರೆ ಎನ್‌ಎಂಒ ಇರುವ ನೂರರಲ್ಲಿ 60-65 ಮಂದಿಯನ್ನಷ್ಟೇ ಹಿಡಿಯುತ್ತದೆ, ಕಡಿಮೆ ಮಟ್ಟದ ಸುಳ್ಳು ಪಾಸಿಟಿವ್‌ಗಳನ್ನೂ ಕೊಡುತ್ತದೆ. ಜೀವಕೋಶ ಬಳಸುವ ವಿಧಾನ, ಅಂದರೆ ಸೆಲ್ ಬೇಸ್ಡ್ ಅಸ್ಸೇ, ಸುಮಾರು 75 ಮಂದಿಯನ್ನು ಹಿಡಿಯುತ್ತದೆ, ಸುಳ್ಳು ಪಾಸಿಟಿವ್ ತೀರಾ ವಿರಳ. ಮಾಗ್‌ಗೆ ಎಲೈಸಾ ಮಾಡಿಸಲೇಬೇಡಿ. ಸ್ಯಾಂಪಲ್ ಕೊಡುವಾಗ ಕಲೆಕ್ಷನ್ ಸೆಂಟರಿನವರನ್ನು ಕೇಳಿ: ಯಾವ ವಿಧಾನ? ಅವರಿಗೆ ತಿಳಿಯದಿದ್ದರೆ ಲ್ಯಾಬಿನ ಟೆಸ್ಟ್ ಪಟ್ಟಿಯಲ್ಲಿ ವಿಧಾನ ಬರೆದಿರುತ್ತದೆ. ಪಟ್ಟಿ ತೋರಿಸುವ ತನಕ ದುಡ್ಡು ಕಟ್ಟಬೇಡಿ.

ಮಾಗ್ ರಿಪೋರ್ಟಿನಲ್ಲಿ ಟೈಟರ್ ಅಂಕಿ (ಸೀರಂ ಎಷ್ಟು ತೆಳು ಮಾಡಿದರೂ ಪಾಸಿಟಿವ್ ಬರುತ್ತದೆ ಎಂಬ ಅಳತೆ) ಇರಲಿ. 2023ರ ಮಾನದಂಡದ ಪ್ರಕಾರ ಫಿಕ್ಸ್ಡ್ ಸೆಲ್ (ಜೀವಂತವಲ್ಲದ, ಸಂಸ್ಕರಿಸಿಟ್ಟ ಜೀವಕೋಶ ಬಳಸುವ) ವಿಧಾನದಲ್ಲಿ 1:100 ಮತ್ತು ಮೇಲಿದ್ದರೆ ಸ್ಪಷ್ಟ ಪಾಸಿಟಿವ್. 1:10ರಿಂದ 1:100ಕ್ಕಿಂತ ಕೆಳಗಿನವರೆಗೆ ಕಡಿಮೆ ಪಾಸಿಟಿವ್. ಅದಕ್ಕೆ ಚಿತ್ರ ಮತ್ತು ಲಕ್ಷಣಗಳ ಬೆಂಬಲ ಬೇಕು. ಬರೀ "ಪಾಸಿಟಿವ್" ಎಂದು ಬರೆದ ಕಾಗದ ಹಿಡಿದುಕೊಂಡು ವರ್ಷಗಟ್ಟಲೆ ಔಷಧ ನುಂಗುವುದು ಅನ್ಯಾಯ.

ಎನ್‌ಎಂಒ ಅನುಮಾನ ಗಟ್ಟಿಯಾಗುವ ಒಂದೆರಡು ಹಳೆಯ ಸುಳಿವುಗಳನ್ನು ಮನೆಯವರೇ ನೆನಪಿಸಬೇಕು. ವರ್ಷದ ಹಿಂದೆ ಒಂದು ಕಣ್ಣು ಮಬ್ಬಾಗಿ ನೋವಿತ್ತೇ? ಎರಡು ದಿನ ಮೀರಿ ನಿಲ್ಲದ ಬಿಕ್ಕಳಿಕೆ ಅಥವಾ ವಾಂತಿಗೆ ಗ್ಯಾಸ್ಟ್ರಿಕ್ ಎಂದು ಎಂಡೋಸ್ಕೋಪಿ ಆಗಿತ್ತೇ? ಅಕ್ವಾಪೊರಿನ್ ಪಾಸಿಟಿವ್ ಇರುವ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಬಿಕ್ಕಳಿಕೆಯ ಸಂಗತಿಯನ್ನು ಬೆನ್ನಿಗೆ ಸಂಬಂಧವಿಲ್ಲವೆಂದು ಅವರು ಹೇಳುವುದೇ ಇಲ್ಲ.

ಅದೇ ರಕ್ತದಲ್ಲಿ ಎಚ್‌ಐವಿ, ವಿಡಿಆರ್‌ಎಲ್ (ಸಿಫಿಲಿಸ್ ಪರೀಕ್ಷೆ), ಎಎನ್‌ಎ (ಲೂಪಸ್‌ನಂಥವುಗಳ ಪರೀಕ್ಷೆ), ಬಿ12, ಸಕ್ಕರೆ ಸೇರಲಿ. ಬಿ12 ವಿಷಯದಲ್ಲಿ ನಮ್ಮ ಕಡೆ ಒಂದು ತೊಡಕಿದೆ: ಜೋಮು ಎಂದ ಕೂಡಲೇ ಶಕ್ತಿಗೆಂದು ಕೆಂಪು ಇಂಜೆಕ್ಷನ್ ಹಾಕಿರುತ್ತಾರೆ. ಆಮೇಲೆ ರಕ್ತದಲ್ಲಿ ಬಿ12 ತುಂಬಿ ತುಳುಕುತ್ತಿರುತ್ತದೆ. ಇಂಜೆಕ್ಷನ್ ಆಗಿದ್ದರೆ ತಾರೀಖು ಹೇಳಿ.

ಬೆನ್ನಿನ ನೀರು

"ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬೀಳುತ್ತದೆ" ಎಂಬ ಹೆದರಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಸೂಜಿ ಹೋಗುವುದು ಎಲ್3-ಎಲ್4 ನಡುವೆ, ಹುರಿ ಮುಗಿದ ಎಷ್ಟೋ ಕೆಳಗೆ. ಅಪಾಯ ಇರುವುದು ಸರದಿಯಲ್ಲಿ. ಮೇಲೆ ಹುರಿಗೆ ಪೂರ್ತಿ ಒತ್ತಡ ಇರುವಾಗ ಕೆಳಗಿನಿಂದ ನೀರು ತೆಗೆದರೆ ಸ್ಥಿತಿ ಬಿಗಡಾಯಿಸಬಹುದು. ಆದ್ದರಿಂದ ಎಂಆರ್‌ಐ ಆದ ಮೇಲೆಯೇ. ರಕ್ತ ತೆಳುಮಾಡುವ ಔಷಧವಿದ್ದರೆ ಮೊದಲೇ ಹೇಳಿ. ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಮುಂದೂಡುತ್ತಾರೆ. ಪೆನ್ಸಿಲ್ ತುದಿಯ ಸೂಜಿ ಸಿಕ್ಕರೆ ಆಮೇಲಿನ ತಲೆನೋವು ಕಡಿಮೆ.

ನೀರಿನ ಫಲಿತಾಂಶ ಹೀಗೆ ಬೇರೆಬೇರೆಯಾಗುತ್ತದೆ. ಮೈಕ್ರೋಲೀಟರಿಗೆ 5 ಬಿಳಿ ರಕ್ತಕಣದವರೆಗೆ ಸಹಜ. ಎಂಎಸ್‌ನಲ್ಲಿ 50 ದಾಟುವುದು ಅಪರೂಪ. ಎನ್‌ಎಂಒ, ಮಾಗ್‌ಗಳಲ್ಲಿ ದಾಟಬಹುದು, ಅದರಲ್ಲೂ ಎನ್‌ಎಂಒದಲ್ಲಿ ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಕಾಣಬಹುದು. ಗ್ಲೂಕೋಸ್ ಈ ಮೂರರಲ್ಲೂ ಸಹಜ. ಇಳಿದಿದ್ದರೆ ಟಿಬಿ, ಸಾರ್ಕಾಯ್ಡ್, ಶಿಲೀಂಧ್ರ, ಕ್ಯಾನ್ಸರ್ ನೆನಪಾಗಬೇಕು. ಹಾಗೆ ಹೇಳಲು ಅದೇ ಹೊತ್ತಿನ ರಕ್ತದ ಗ್ಲೂಕೋಸ್ ಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದನ್ನು ಮರೆತರೆ ಅಂಕಿಗೆ ಅರ್ಥವೇ ಇಲ್ಲ. ಆಲಿಗೋಕ್ಲೋನಲ್ ಬ್ಯಾಂಡ್ (ಬೆನ್ನಿನ ನೀರಿನಲ್ಲೇ ತಯಾರಾದ ಆಂಟಿಬಾಡಿಯ ಪಟ್ಟೆಗಳು) ಪರೀಕ್ಷೆಗೆ ನೀರಿನ ಜೊತೆಗೇ ರಕ್ತದ ಸೀರಂ ಹೋಗಬೇಕು, ಒಂಟಿ ನೀರಿನಿಂದ ಏನೂ ತಿಳಿಯದು. ಯುರೋಪಿನ ಎಂಎಸ್ ರೋಗಿಗಳಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಮಂದಿಗೆ ಈ ಬ್ಯಾಂಡ್ ಇರುತ್ತದೆ. ಭಾರತದಲ್ಲಿ ಅಷ್ಟಿಲ್ಲ, ಹಾಗಾಗಿ ಬ್ಯಾಂಡ್ ಇಲ್ಲವೆಂದು ಎಂಎಸ್ ತಳ್ಳಿಹಾಕುವಂತಿಲ್ಲ.

ಕಣಗಳ ಎಣಿಕೆ ಒಂದು ಗಂಟೆಯೊಳಗೆ ಆಗಬೇಕು. ತಡವಾದರೆ ನ್ಯೂಟ್ರೋಫಿಲ್‌ಗಳು ಒಡೆದುಹೋಗುತ್ತವೆ. ಚಳ್ಳಕೆರೆಯಲ್ಲೋ ಹೊಸದುರ್ಗದಲ್ಲೋ ತೆಗೆದ ನೀರನ್ನು ಬಸ್ಸಿನಲ್ಲಿ ಕಳಿಸಿ ಎಣಿಸಿದ ಅಂಕಿಯನ್ನು ನಂಬಬೇಡಿ. ಬ್ಯಾಂಡ್ ಪರೀಕ್ಷೆಯ ನೀರು ಮಾತ್ರ ತಣ್ಣಗಿದ್ದರೆ ಪಯಣ ತಡೆಯುತ್ತದೆ. ಟಿಬಿ ಅನುಮಾನವಿದ್ದರೆ ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್‌ಗೇ 6 ಮಿಲಿಯಷ್ಟಾದರೂ ತೆಗೆದಿಡಲಿ. ನಾಲ್ಕು ಹನಿಯಲ್ಲಿ ನೆಗೆಟಿವ್ ಬಂದರೆ ಅದು ಟಿಬಿ ಇಲ್ಲ ಎಂಬುದಕ್ಕೆ ಪುರಾವೆಯಲ್ಲ.

ನಮ್ಮ ನೆಲದ ವೇಷಧಾರಿಗಳು

ಹೊರದೇಶದ ಪುಸ್ತಕಗಳಲ್ಲಿ ಸಣ್ಣ ಅಕ್ಷರದಲ್ಲಿರುವ ಎರಡು ಕಾರಣಗಳು ನಮ್ಮಲ್ಲಿ ದೊಡ್ಡವು. ಒಂದು ಬೆನ್ನುಮೂಳೆಯ ಟಿಬಿ. ವಾರಗಟ್ಟಲೆ ಬೆನ್ನುನೋವು, ಸಂಜೆ ಜ್ವರ, ತೂಕ ಇಳಿಕೆ, ಬೆನ್ನಿನ ಒಂದು ಮೂಳೆ ಒತ್ತಿದರೆ ನೋವು. ಎಂಆರ್‌ಐನಲ್ಲಿ ಎರಡು ಅಕ್ಕಪಕ್ಕದ ಮೂಳೆ, ನಡುವಿನ ಡಿಸ್ಕ್, ಪಕ್ಕದಲ್ಲಿ ಕೀವು. ಟಿಬಿ ಔಷಧವಿಲ್ಲದೆ ಸ್ಟೀರಾಯ್ಡ್ ಒಂದನ್ನೇ ಕೊಟ್ಟರೆ ಎರಡು ದಿನ ಹಗುರ ಎನಿಸಿ ಆಮೇಲೆ ಕೆಡುತ್ತದೆ.

ಇನ್ನೊಂದು ಫ್ಲೋರೋಸಿಸ್. ಚಿತ್ರದುರ್ಗ ಜಿಲ್ಲೆಯ ಬಯಲು ತಾಲ್ಲೂಕುಗಳಲ್ಲೂ ದಾವಣಗೆರೆಯ ಜಗಳೂರು ಕಡೆಯೂ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ದಶಕಗಳ ಕಾಲ ಹೆಚ್ಚಿನದನ್ನು ಕುಡಿದವರಲ್ಲಿ ಮೂಳೆ ದಪ್ಪವಾಗಿ, ಕಟ್ಟುನಾರುಗಳು ಮೂಳೆಯಾಗಿ ಗಟ್ಟಿಗೊಂಡು ಹುರಿಯ ದಾರಿ ಕಿರಿದಾಗುತ್ತದೆ. ಅವರು ಮೊದಲೇ ನೆಲಕ್ಕೆ ಕೂರಲಾರರು, ಕುತ್ತಿಗೆ ತಿರುಗಿಸಲಾರರು. ಹಲ್ಲಿನಲ್ಲಿ ಕಂದು ಪಟ್ಟೆ ಇರಬಹುದು. ಕಾಲಿನ ಬಿಗಿತ ತಿಂಗಳು, ವರ್ಷಗಳಲ್ಲಿ ಏರುತ್ತದೆ. ಇಲ್ಲಿ ಅಗ್ಗದ ಎಕ್ಸ್‌ರೇ ದುಬಾರಿ ಆಂಟಿಬಾಡಿಯನ್ನು ಸೋಲಿಸುತ್ತದೆ: ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿದ್ದರೆ ಉತ್ತರ ಸಿಕ್ಕಂತೆ. ಗಟ್ಟಿಯಾದ ನಾರು ಸಿಟಿಯಲ್ಲಿ ಎಂಆರ್‌ಐಗಿಂತ ಚೆನ್ನಾಗಿ ಕಾಣುತ್ತದೆ.

ಮೂರನೆಯದು ಅಪರೂಪ, ಆದರೆ ತಪ್ಪಿದರೆ ನಷ್ಟ ದೊಡ್ಡದು. ಐವತ್ತು ದಾಟಿದ ಗಂಡಸು, ನಡೆದಷ್ಟೂ ಕಾಲು ಸೋಲುತ್ತದೆ, ಕೂತರೆ ಸುಧಾರಿಸುತ್ತದೆ, ಸ್ಟೀರಾಯ್ಡ್ ಕೊಟ್ಟ ಮೇಲೆ ಹದಗೆಟ್ಟಿತು. ಇಷ್ಟು ಕೂಡಿಬಂದರೆ ಹುರಿಯ ಪೊರೆಯ ರಕ್ತನಾಳಗಳ ತಪ್ಪು ಜೋಡಣೆ, ಡ್ಯೂರಲ್ ಫಿಸ್ಟುಲಾ ಹುಡುಕಬೇಕು. ಎಂಆರ್‌ಐನಲ್ಲಿ ಹುರಿಯ ಹಿಂದೆ ಹುಳುವಿನಂಥ ಕಪ್ಪು ಗೆರೆಗಳಿವೆಯೇ ಎಂದು ರೇಡಿಯಾಲಜಿಸ್ಟನ್ನು ನೇರವಾಗಿ ಕೇಳಿ.

ಇಲ್ಲೇ, ಅಥವಾ ಹೊರಗೆ?

ದಾವಣಗೆರೆಯಲ್ಲಿ ಜೆಜೆಎಂ, ಎಸ್‌ಎಸ್ ವೈದ್ಯಕೀಯ ಕಾಲೇಜುಗಳಿವೆ, ಚಿತ್ರದುರ್ಗದಲ್ಲಿ ಬಸವೇಶ್ವರ ವೈದ್ಯಕೀಯ ಕಾಲೇಜಿದೆ. ಸ್ಕ್ಯಾನ್, ರಕ್ತ, ಬೆನ್ನಿನ ನೀರು, ಮೊದಲ ಡೋಸ್ ಸ್ಟೀರಾಯ್ಡ್, ಇವಿಷ್ಟೂ ಊರಿನಲ್ಲೇ ಆಗುವಂಥವು, ಆಗಬೇಕಾದವು. ಮೂತ್ರ ಕಟ್ಟಿದವರನ್ನು ನಳಿಗೆ ಹಾಕಿಸದೆ ಕಾರಿನಲ್ಲಿ ಮಲಗಿಸಿ ಬೆಂಗಳೂರಿಗೆ ಓಡಿಸುವುದು ತಪ್ಪು. ಚಿತ್ರದುರ್ಗದಿಂದ ಸುಮಾರು 200 ಕಿಮೀ, ದಾವಣಗೆರೆಯಿಂದ 260 ಕಿಮೀ ರಸ್ತೆ, ಅಲ್ಲಿ ಹೋಗಿ ಹಾಸಿಗೆಗೆ ಕಾಯುವುದು ಬೇರೆ.

ಹೊರಗೆ ಹೋಗುವುದು ಯಾವಾಗ? ಸ್ಟೀರಾಯ್ಡ್ ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ಕೊಟ್ಟರೂ ಸುಧಾರಣೆ ಕಾಣದೆ ಪ್ಲಾಸ್ಮಾ ಬದಲಾವಣೆ ಬೇಕಾದಾಗ, ಅದು ಇಲ್ಲಿ ಸಿಗದಿದ್ದರೆ. ಉಸಿರಾಟಕ್ಕೆ ತೊಂದರೆಯಾದರೆ ಅದಕ್ಕೂ ಮುಂಚೆ, ಆಂಬುಲೆನ್ಸ್‌ನಲ್ಲಿ. ಕಾರಣ ತಿಳಿಯದೆ ಮರುಕಳಿಸಿದಾಗಲೂ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್ ನರರೋಗ ಮತ್ತು ಮಾನಸಿಕ ಆರೋಗ್ಯಕ್ಕೆ ಮೀಸಲಾದ ಸಂಸ್ಥೆ. ಹೊರಡುವಾಗ ಬಿಪಿಎಲ್ ಕಾರ್ಡ್, ಆಧಾರ್ ಜೊತೆಗಿರಲಿ. ದಾವಣಗೆರೆಯವರಿಗೆ ಹುಬ್ಬಳ್ಳಿ ಸುಮಾರು 150 ಕಿಮೀ, ಬೆಂಗಳೂರಿಗಿಂತ ಹತ್ತಿರ. ಮಂಗಳೂರಿನ ದಾರಿ ಘಟ್ಟದ್ದು, ಹುರಿ ಊದಿಕೊಂಡವರಿಗೆ ಕಷ್ಟ. ಅಲ್ಲಿಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಸಂಸ್ಥೆಯಲ್ಲಿ ಈ ಆಂಟಿಬಾಡಿ ಕಾಯಿಲೆಗಳ ಮೇಲೆ ವರ್ಷಗಳಿಂದ ಸಂಶೋಧನೆ ನಡೆದಿದೆ. ಆಂಟಿಬಾಡಿ ಪರೀಕ್ಷೆಗಾದರೆ ರೋಗಿ ಹೋಗಬೇಕಿಲ್ಲ, ಸೀರಂ ಹೋದರೆ ಸಾಕು.

ಆಂಟಿಬಾಡಿ ರಿಪೋರ್ಟ್ ಬರಲು ದಿನಗಳು ಹಿಡಿಯುತ್ತವೆ. ಸೋಂಕು, ಒತ್ತಡ ಇಲ್ಲವೆಂದು ಖಚಿತವಾಗಿದ್ದರೆ ಅದಕ್ಕಾಗಿ ಸ್ಟೀರಾಯ್ಡ್ ನಿಲ್ಲಿಸಿ ಕೂರಬಾರದು. ಪ್ಲಾಸ್ಮಾ ಬದಲಾವಣೆ ಸಾಮಾನ್ಯವಾಗಿ ದಿನ ಬಿಟ್ಟು ದಿನ, 5ರಿಂದ 7 ಸಲ. ತಡವಾದಷ್ಟೂ ಅದರ ಲಾಭ ಕುಗ್ಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಆ ದಿನಗಳಲ್ಲಿ ದಿನಕ್ಕೆ ನಾಲ್ಕು ಬಾರಿ ಸಕ್ಕರೆ ನೋಡುತ್ತಿರಬೇಕು.

ಫೈಲಿನಲ್ಲಿ ಎಂಆರ್‌ಐ ರಿಪೋರ್ಟ್ ಕಾಗದವಷ್ಟೇ ಇದ್ದರೆ ಮುಂದಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮತ್ತೆ ಆಗುತ್ತದೆ. ಚಿತ್ರಗಳಿರುವ ಸಿಡಿ ಅಥವಾ ಪೆನ್‌ಡ್ರೈವ್ ಕೇಳಿ ಪಡೆಯಿರಿ. ರಕ್ತ ತೆಗೆದ ಗಂಟೆ, ಸ್ಟೀರಾಯ್ಡ್ ಮೊದಲ ಡೋಸಿನ ಗಂಟೆ ಎರಡನ್ನೂ ಡಿಸ್ಚಾರ್ಜ್ ಕಾಗದದಲ್ಲಿ ಬರೆಸಿ. ಮೊದಲ ಅಕ್ವಾಪೊರಿನ್ ನೆಗೆಟಿವ್ ಬಂದು, ಗಾಯ ಮಾತ್ರ ಮೂರು ಮೂಳೆ ದಾಟಿ ಉದ್ದವಿದ್ದರೆ ಮೂರರಿಂದ ಆರು ತಿಂಗಳಲ್ಲಿ ಸೆಲ್ ಬೇಸ್ಡ್ ವಿಧಾನದಲ್ಲೇ ಮತ್ತೆ ಮಾಡಿಸಬೇಕು. ನಡುವೆ ಕಣ್ಣು ಮಬ್ಬಾದರೆ ಅಷ್ಟು ದಿನ ಕಾಯದೆ, ಹೊಸ ಸ್ಟೀರಾಯ್ಡ್ ಡೋಸ್ ಹತ್ತುವ ಮುನ್ನ.